ಕಿರುಚುವುದು ಇನ್ವರ್ಟರ್, ದೋಷ ಬೇರೆ ಕಡೆ

ಕ್ಯಾಂಪರ್ ವ್ಯಾನ್ ತಂದು ನಿಲ್ಲಿಸಿ ‘ಇನ್ವರ್ಟರ್ ಹೋಗಿದೆ, ಹೊಸದು ಹಾಕಿ’ ಅನ್ನುವವರಲ್ಲಿ ಹೆಚ್ಚಿನವರ ಇನ್ವರ್ಟರ್ ಚೆನ್ನಾಗಿಯೇ ಇರುತ್ತದೆ. ದೂರಿನ ಧಾಟಿಯೂ ಒಂದೇ: ದೀಪ ಉರಿಯುತ್ತೆ, ಲ್ಯಾಪ್‌ಟಾಪ್ ಚಾರ್ಜ್ ಆಗುತ್ತೆ, ಮಿಕ್ಸಿಯನ್ನೋ ಕೆಟಲನ್ನೋ ಹಾಕಿದರೆ ಬೀಪ್ ಹೊಡೆದು ಆಫ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ತನ್ನ ಬಾಗಿಲಿಗೆ ಬೇಕಾದಷ್ಟು ವೋಲ್ಟೇಜ್ ಬರುತ್ತಿಲ್ಲ ಎಂದು ಆ ಪೆಟ್ಟಿಗೆ ಕೂಗಿ ಹೇಳುತ್ತಿದೆ, ಅಷ್ಟೆ.

ಸ್ವಲ್ಪ ಲೆಕ್ಕ ಹಾಕೋಣ. 230 ವೋಲ್ಟ್‌ನಲ್ಲಿ 1000 ವ್ಯಾಟ್ ಅಂದರೆ ನಾಲ್ಕೂವರೆ ಆಂಪಿಯರ್ ಕೂಡ ಇಲ್ಲ. ಅದೇ 1000 ವ್ಯಾಟನ್ನು 12 ವೋಲ್ಟ್ ಬ್ಯಾಟರಿಯಿಂದ ಎಳೆಯಬೇಕಾದರೆ, ಇನ್ವರ್ಟರ್ ತಿನ್ನುವ ಹತ್ತು ಶೇಕಡವನ್ನೂ ಸೇರಿಸಿ, ಸುಮಾರು 93 ಆಂಪಿಯರ್ ಹರಿಯಬೇಕು. 16 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹೋಗಲು ಮೂರು, ಬರಲು ಮೂರು ಮೀಟರ್ ಇದ್ದರೆ ದಾರಿಯಲ್ಲೇ ಸುಮಾರು 0.65 ವೋಲ್ಟ್ ಖರ್ಚು. 35ರ ಕೇಬಲ್ ಆದರೆ 0.3ರ ಆಸುಪಾಸು. ಮನೆ ವೈರಿಂಗ್ ಮಾಡಿ ಪಳಗಿದವರಿಗೆ 16 ಅಂದರೆ ಭಾರಿ ದಪ್ಪ ಅನ್ನಿಸುತ್ತದೆ. ವ್ಯಾನಿನಲ್ಲಿ ಅದು ಸಾಲದು. ಬಹಳಷ್ಟು 12 ವೋಲ್ಟ್ ಇನ್ವರ್ಟರ್‌ಗಳು 11ರ ಹತ್ತಿರ ಬೀಪ್ ಶುರು ಮಾಡಿ 10.5ರ ಸುಮಾರಿಗೆ ನಿಂತುಬಿಡುತ್ತವೆ. ಕಳೆದುಕೊಳ್ಳಲು ನಮ್ಮ ಕೈಯಲ್ಲಿರುವುದೇ ಒಂದೂವರೆ ವೋಲ್ಟ್!

ಲೋಡ್ (ಕರೆಂಟ್ ಎಳೆಯುವ ಸಾಧನ) ಇಲ್ಲದೆ ಮೀಟರ್ ಇಟ್ಟು ‘12.6 ಬರ್ತಿದೆಯಲ್ಲಾ’ ಅನ್ನುವುದರಲ್ಲಿ ಅರ್ಥವಿಲ್ಲ. ಕರೆಂಟ್ ಹರಿಯದಿದ್ದರೆ ಎಂಥ ಕೊಳೆತ ಜಾಯಿಂಟ್ ಆದರೂ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಕೆಟಲ್ ಆನ್ ಮಾಡಿ, ಅದು ಓಡುತ್ತಿರುವಾಗಲೇ ಇನ್ವರ್ಟರ್‌ನ ಡಿಸಿ ಟರ್ಮಿನಲ್‌ಗಳ (ಬ್ಯಾಟರಿ ಕೇಬಲ್ ಕೂರುವ ತುದಿಗಳ) ಮೇಲೆ ಒಮ್ಮೆ, ಬ್ಯಾಟರಿಯ ಸೀಸದ ಗೂಟದ ಮೇಲೆ ಇನ್ನೊಮ್ಮೆ ಅಳೆಯಿರಿ. ಗಮನಿಸಿ, ಲಗ್‌ನ (ಕೇಬಲ್ ತುದಿಯ ಲೋಹದ ಕಿವಿಯ) ಮೇಲಲ್ಲ, ಗೂಟದ ಮೇಲೆಯೇ. ಎರಡರ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೇಬಲ್ ಅಥವಾ ಜಾಯಿಂಟ್. ಎರಡೂ ಕಡೆ ಕುಸಿದಿದ್ದರೆ ಬ್ಯಾಟರಿ. ಎರಡೂ ಕಡೆ 12ರ ಮೇಲಿದ್ದು ಆಫ್ ಆದರೆ ಆಗ ಇನ್ವರ್ಟರ್ ಮೇಲೆ, ಇಲ್ಲವೇ ಲೋಡಿನ ಮೇಲೆ ಅನುಮಾನ ಪಡಬಹುದು. (ಬಳೆ, ಉಂಗುರ, ಲೋಹದ ವಾಚು ಕಳಚಿಟ್ಟು ಕೈ ಹಾಕಿ. 12 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಶಾರ್ಟ್ ಆದರೆ ಉಂಗುರ ಬೆರಳಲ್ಲೇ ಕಾದು ಕೆಂಪಾಗುತ್ತದೆ.)

ಜಾಯಿಂಟ್ ಅಂತ ಗೊತ್ತಾದರೆ ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ, ಲೋಡ್ ಹಾಗೇ ಇರಲಿ. ಗೂಟದಿಂದ ಲಗ್‌ಗೆ, ಫ್ಯೂಸಿನ ಈ ಕಡೆಯಿಂದ ಆ ಕಡೆಗೆ, ಕಟಾಫ್ ಸ್ವಿಚ್ಚಿನ ಎರಡು ಬೋಲ್ಟ್‌ಗಳ ನಡುವೆ, ಹೀಗೆ ಒಂದೊಂದಾಗಿ ನೋಡುತ್ತಾ ಹೋಗಿ. ಲಗ್ ಜಾಯಿಂಟ್ ಒಂದರಲ್ಲೇ 50 ಮಿಲಿವೋಲ್ಟ್ ದಾಟಿದರೆ ನಾನು ಬಿಚ್ಚಿಸುತ್ತೇನೆ. ಕ್ರಿಂಪ್ (ಲಗ್ಗನ್ನು ಕೇಬಲ್ಲಿಗೆ ಒತ್ತಿ ಕೂರಿಸಿದ ಹಿಡಿತ) ಸಡಿಲವಾಗಿ ಬರೀ 5 ಮಿಲಿಓಮ್ ರೋಧ ಹುಟ್ಟಿದರೂ 93 ಆಂಪಿಯರ್‌ನಲ್ಲಿ 43 ವ್ಯಾಟ್ ಶಾಖ ಆ ಒಂದು ಲಗ್ಗಿನೊಳಗೆ ಕೂರುತ್ತದೆ. ಮೇಲಿನ ಪ್ಲಾಸ್ಟಿಕ್ ಕವಚ ಕಂದು ತಿರುಗಲು ಅಷ್ಟು ಸಾಕು. ಸುತ್ತಿಗೆಯಲ್ಲಿ ಜಜ್ಜಿದ ಲಗ್ ಕಂಡರೆ ಅಳೆಯುವುದೇ ಬೇಡ, ಕತ್ತರಿಸಿ ಹೊಸದು ಹಾಕಿ. ನೆಗೆಟಿವನ್ನು ಚಾಸಿಗೆ ಕಟ್ಟಿದ್ದರೆ ಬಣ್ಣದ ಮೇಲೆ ಬೋಲ್ಟ್ ಕೂತಿದೆಯೇ ನೋಡಿ. ಕರಾವಳಿ ಕಡೆ ಓಡಾಡುವ ಗಾಡಿಗಳಲ್ಲಿ ಅಲ್ಲಿಂದಲೇ ತುಕ್ಕು ಶುರು.

ಬ್ಯಾಟರಿಗೆ ಬರೋಣ. ಮನೆಯ ಯುಪಿಎಸ್‌ನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯನ್ನೇ ವ್ಯಾನಿಗೆ ಏರಿಸುವವರಿದ್ದಾರೆ. ಮೇಲೆ ಸಿ20 ಎಂದು ಬರೆದಿದ್ದರೆ ಆ 150 ಸಿಗುವುದು 7.5 ಆಂಪಿಯರ್‌ನಂತೆ 20 ಗಂಟೆ ಎಳೆದರೆ. 90 ಎಳೆದರೆ ವೋಲ್ಟೇಜ್ ಬಗ್ಗಿ, ಅರ್ಧ ಚಾರ್ಜ್ ಉಳಿದಿರುವಾಗಲೇ ಇನ್ವರ್ಟರ್ ನಿಲ್ಲಬಹುದು. ಲಿಥಿಯಂ ಐರನ್ ಫಾಸ್ಫೇಟ್‌ನ ಕಥೆ ಬೇರೆ. ಅದರ ವೋಲ್ಟೇಜ್ ಬಗ್ಗುವುದು ಕಡಿಮೆ, ಆದರೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) 100 ಆಂಪಿಯರ್‌ನದಾದರೆ ಕೆಟಲ್ ಜೊತೆ ಫ್ರಿಜ್ಜಿನ ಕಂಪ್ರೆಸರ್ ಎದ್ದ ಕ್ಷಣ ಲೈನ್ ಕತ್ತರಿಸುತ್ತದೆ. ಬೀಪ್ ಇಲ್ಲ, ಎಚ್ಚರಿಕೆ ಇಲ್ಲ, ಇನ್ವರ್ಟರ್‌ನ ದೀಪವೂ ಆರಿ ಇಡೀ ಗಾಡಿ ಕತ್ತಲು. ಬೀಪ್ ಹೊಡೆದು ನಿಂತಿತೋ, ಸದ್ದಿಲ್ಲದೆ ನಿಂತಿತೋ ಎಂದು ನಾನು ಮೊದಲು ಕೇಳುವುದು ಇದಕ್ಕೇ. ಓಡಿಸಿದರೂ ಬ್ಯಾಟರಿ ತುಂಬುತ್ತಿಲ್ಲ ಅಂದರೆ, 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ನಿಯಮದ) ಗಾಡಿಗಳಲ್ಲಿ ಹಲವದರ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಜನರೇಟರ್) ಡೀಸೆಲ್ ಉಳಿಸಲು ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಎರಡು ಬ್ಯಾಟರಿಗಳನ್ನು ಜೋಡಿಸುವ ಬರೀ ರಿಲೇ ಸಾಲದು, ಇಳಿದ ವೋಲ್ಟೇಜನ್ನು ಏರಿಸಿ ತುಂಬುವ ಡಿಸಿ-ಡಿಸಿ ಚಾರ್ಜರ್ ಬೇಕು.

230ರ ಕಡೆಯಲ್ಲಿ ಎರಡು ಸುಳ್ಳು ದೂರುಗಳು ಬರುತ್ತಲೇ ಇರುತ್ತವೆ. ಒಂದು, ‘ಮೀಟರ್ 180 ತೋರಿಸ್ತಿದೆ’. ಅಗ್ಗದ ಇನ್ವರ್ಟರ್‌ನ ಮಾಡಿಫೈಡ್ (ಮೆಟ್ಟಿಲು ಮೆಟ್ಟಿಲಾದ) ಅಲೆಯನ್ನು ಸಾಧಾರಣ ಮೀಟರ್ ನಯವಾದ ಸೈನ್ ಅಲೆಯೆಂದೇ ತಿಳಿದು ಲೆಕ್ಕ ಹಾಕುವುದರಿಂದ ಸರಿಯಾದ 230 ಕೂಡ 180 ಆಗಿ ಕಾಣುತ್ತದೆ. ಅಲೆ ಯಾವ ಆಕಾರದ್ದಾದರೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ತನ್ನಿ. ಎರಡು, ‘ಟೆಸ್ಟರ್ ಎರಡೂ ತೂತಿನಲ್ಲಿ ಹತ್ತುತ್ತೆ’. ಇನ್ವರ್ಟರ್‌ನ ನ್ಯೂಟ್ರಲ್ ಭೂಮಿಗೆ ಸೇರಿರದಿದ್ದರೆ ಹಾಗಾಗುವುದು ಸಹಜ. ಹಾಗಿದ್ದಾಗ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ರಕ್ಷಣೆಯನ್ನು ನಂಬುವಂತಿಲ್ಲ. ಆದರೆ ನ್ಯೂಟ್ರಲನ್ನು ನೀವೇ ಅರ್ತಿಂಗ್‌ಗೆ ಕಟ್ಟಲು ಹೋಗಬೇಡಿ. ಕೈಪಿಡಿ ಒಪ್ಪದ ಮಾದರಿಗಳು ಅಲ್ಲೇ ಸುಟ್ಟುಹೋಗುತ್ತವೆ.

ಹಾಗಾದರೆ ಇನ್ವರ್ಟರ್ ಸಾಯುವುದೇ ಇಲ್ಲವೇ? ಸಾಯುತ್ತದೆ, ಹೆಚ್ಚಾಗಿ ಕೊಲೆಯಾಗಿ. ಮಂಚದ ಕೆಳಗೆ ಹೊದಿಕೆಗಳ ನಡುವೆ ಫ್ಯಾನಿಗೆ ಗಾಳಿಯಿಲ್ಲದಂತೆ ತುರುಕುವುದು ಒಂದು ವಿಧ. ಪ್ಲಸ್ ಮೈನಸ್ ಅದಲುಬದಲು ಇನ್ನೊಂದು. ಆದರೆ ನಾನು ಕಂಡ ಅತಿ ಕೆಟ್ಟದ್ದು, ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಕೊಂಡು ಹೋಮ್‌ಸ್ಟೇಯ ಸಾಕೆಟ್‌ನಿಂದ ವ್ಯಾನಿನ ಸಾಕೆಟ್ಟಿಗೇ ಕರೆಂಟ್ ಕೊಡುವುದು. ಹೊರಗಿನ ಲೈನ್ ಇನ್ವರ್ಟರ್‌ನ ಔಟ್‌ಪುಟ್ಟಿಗೆ ನುಗ್ಗುತ್ತದೆ, ಒಳಗಿನ ಮಾಸ್ಫೆಟ್‌ಗಳು (ಕರೆಂಟ್ ಸ್ವಿಚ್ ಮಾಡುವ ಬಿಡಿಭಾಗಗಳು) ಪಟಪಟನೆ ಸಿಡಿಯುತ್ತವೆ. ಆ ವೈರಿನ ಒಂದು ತುದಿ ಕಳಚಿ ಬಿದ್ದರೆ ಬರಿಯ ಪಿನ್ನಿನಲ್ಲಿ 230 ವೋಲ್ಟ್ ಇರುತ್ತದೆ, ವ್ಯಾನಿನಲ್ಲಿ ಮಕ್ಕಳಿರುತ್ತಾರೆ. ಹೊರಗಿನ ಲೈನಿಗೆ ಗಾಡಿಯ ಮೈಮೇಲೆ ಬೇರೆ ಇನ್‌ಲೆಟ್ ಇರಲಿ, ನಡುವೆ ಫೇಸ್ ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇರಲಿ. ಹೊಸ ಇನ್ವರ್ಟರಿಗಿಂತ ಅದು ಅಗ್ಗ.