ಊರಿಗೆ ಬಂದೆ, ಮನಸ್ಸು ಯಾಕೆ ಇನ್ನೂ ಬಂದಿಲ್ಲ?

ಪ್ರಶ್ನೆ: ಎಂಟು ತಿಂಗಳು ಹೊರದೇಶಗಳಲ್ಲಿ ಸೈಕಲ್ ತುಳಿದು ಹುಬ್ಬಳ್ಳಿಗೆ ವಾಪಸ್ ಬಂದೆ. ಐದು ವಾರವಾಯಿತು. ಮನೆ ಊಟ, ಸ್ವಂತ ಹಾಸಿಗೆ ಎಲ್ಲಾ ಇದೆ. ಆದರೂ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಮನೆಯವರಿಗೆ ಹೇಳಿದರೆ ಸೊಕ್ಕು ಅಂದುಕೊಳ್ಳುತ್ತಾರೆ. ಇದು ಎಷ್ಟು ದಿನ?

ಉತ್ತರ: ಸೊಕ್ಕಲ್ಲ. ನನಗೆ ಸುಮಾರು ಮೂರು ತಿಂಗಳು ಹಿಡಿಯಿತು. ನಿಮಗೆ ಕಡಿಮೆಯೂ ಆಗಬಹುದು, ಜಾಸ್ತಿಯೂ ಆಗಬಹುದು.

ನಾನು ಕಜಾಕಿಸ್ತಾನದ ಅಲ್ಮಾಟಿಯಿಂದ ಹೊರಟು, ಮಧ್ಯ ಏಷ್ಯಾದ ಪಾಮಿರ್ ಪರ್ವತ ದಾಟಿ, ಕ್ಯಾಸ್ಪಿಯನ್ ಸಮುದ್ರವನ್ನು ಹಡಗಿನಲ್ಲಿ ದಾಟಿ ಇಸ್ತಾಂಬುಲ್ ಮುಟ್ಟಿದೆ. ಏಳು ತಿಂಗಳು. ವಾಪಸ್ ಬರಲು ಒಂದೇ ರಾತ್ರಿ. ಮರುದಿನ ಸಂಜೆ ಧಾರವಾಡದ ಮನೆಯಲ್ಲಿ ಕೂತು ಅವ್ವ ಬಡಿಸಿದ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಿದ್ದೆ. ಎಡವಟ್ಟು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಹೋಗುವಾಗ ವರ್ಷಗಟ್ಟಲೆ ತಯಾರಿ ಮಾಡುತ್ತೇವೆ. ಬರೋದಕ್ಕೆ ಯಾರೂ ತಯಾರಿ ಮಾಡುವುದಿಲ್ಲ, ಅಲ್ವಾ?

ಇದು ಹೊಸ ವಿಷಯವೂ ಅಲ್ಲ. ಪರದೇಶಕ್ಕೆ ಹೋದವರ ಮನಸ್ಸು ಮೊದಲು ಕುಸಿದು ಆಮೇಲೆ ಏರುತ್ತದೆ ಅಂತ ನಾರ್ವೆಯ ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ 1955ರಲ್ಲಿ ಬರೆದರು. ಇಂಗ್ಲಿಷಿನ ಯು ಅಕ್ಷರದ ಹಾಗೆ. 1963ರಲ್ಲಿ ಅಮೆರಿಕದ ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ, ಊರಿಗೆ ಬಂದ ಮೇಲೆ ಇನ್ನೊಂದು ಸಲ ಕುಸಿಯುತ್ತದೆ ಎಂದು ಸೇರಿಸಿ ಅದನ್ನು ಡಬ್ಲ್ಯು ಮಾಡಿದರು. ನೀವೀಗ ಆ ಎರಡನೇ ತಗ್ಗಿನಲ್ಲಿದ್ದೀರಿ.

ಸೈಕಲ್ಲಿನವರಿಗೆ ಇದರ ಮೇಲೆ ಮೈಯದ್ದೂ ಒಂದು ಲೆಕ್ಕವಿದೆ. ದಿನಾ ಆರೇಳು ತಾಸು ತುಳಿದ ಕಾಲು ಒಂದೇ ದಿನಕ್ಕೆ ನಿಂತುಬಿಡುತ್ತದೆ. ಕಸರತ್ತಿಗೆ ಹೆಚ್ಚಾಗಿದ್ದ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಎರಡು ವಾರದೊಳಗೇ ಇಳಿಯುತ್ತದೆ, ದಮ್ಮೂ ಕಡಿಮೆಯಾಗುತ್ತಾ ಹೋಗುತ್ತದೆ. ರೂಢಿಯ ವ್ಯಾಯಾಮ ಹಠಾತ್ತನೆ ನಿಂತರೆ ನಿದ್ದೆ ಕೆಡುವುದು, ಸಿಡಿಮಿಡಿ ಆಗುವುದು ಸಹಜ. ಹಸಿವು ಮಾತ್ರ ಇಳಿಯುವುದಿಲ್ಲ! ನಾನು ಪಾಮಿರಿನಲ್ಲಿ ಇದ್ದವನಂತೆಯೇ ತಿಂದೆ. ಊಟಕ್ಕೆ ಐದು ರೊಟ್ಟಿ, ಸಂಜೆ ಗಿರಮಿಟ್, ಅದರ ಜೊತೆ ಮಿರ್ಚಿ. ಎರಡು ತಿಂಗಳಲ್ಲಿ ಆರು ಕಿಲೋ ಏರಿದೆ.

ಕಿರುಬೆರಳು, ಉಂಗುರ ಬೆರಳು ಜುಮುಗುಡುತ್ತಿವೆಯೇ? ಹ್ಯಾಂಡಲ್ ಮೇಲೆ ಅಂಗೈ ಊರಿ ಊರಿ ನರ ಒತ್ತಿಕೊಂಡಿರುತ್ತದೆ. ನನಗೆ ಅಂಗಿಯ ಗುಂಡಿ ಹಾಕಲು ತ್ರಾಸಾಗುತ್ತಿತ್ತು. ಸಾಮಾನ್ಯವಾಗಿ ವಾರಗಳಲ್ಲಿ ಸರಿಹೋಗುತ್ತದೆ. ಬೆರಳಿನ ಶಕ್ತಿಯೇ ಕಡಿಮೆಯಾಗಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ನಾನು ಹೋದ ದೇಶಗಳಲ್ಲೆಲ್ಲ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಬಂದ ನಾಲ್ಕನೇ ದಿನ ಜುಬಿಲಿ ಸರ್ಕಲ್‌ನಲ್ಲಿ ಎಡಗಡೆ ನೋಡಿಕೊಂಡು ರಸ್ತೆಗಿಳಿದೆ. ಬಲಗಡೆಯಿಂದ ಬಂದ ಆಟೋದವನು ಬ್ರೇಕ್ ಒತ್ತಿ ನನ್ನ ಇಡೀ ವಂಶವನ್ನು ನೆನೆಸಿದ. ಮೊದಲ ವಾರ ಬೆಳಿಗ್ಗೆ ಬೇಗ, ಖಾಲಿ ರಸ್ತೆಯಲ್ಲಷ್ಟೇ ತುಳಿಯಿರಿ. ಕೆಲಗೇರಿ ಕೆರೆವರೆಗೆ ಹೋಗಿ ಬಂದರೂ ಸಾಕು. ಸೈಕಲ್ ಅನ್ನು ಅಟ್ಟಕ್ಕೆ ಮಾತ್ರ ಏರಿಸಬೇಡಿ.

ಇನ್ನು ಮಂದಿ. ಅವರು ಕೇಳುವುದು ಮೂರೇ ಪ್ರಶ್ನೆ. ಎಷ್ಟು ಖರ್ಚಾತು? ಅಲ್ಲೆ ಊಟಕ್ಕ ಏನ್ ಮಾಡ್ತಿದ್ದಿ? ಮುಂದೇನ? ಉತ್ತರ ಮುಗಿಯುವ ಮೊದಲೇ ಮಾತು ಇನ್ನೊಬ್ಬರ ಮಗನ ಸೈಟಿಗೆ ಹೋಗಿರುತ್ತದೆ. ನನಗೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ತಪ್ಪು ಅವರದ್ದಲ್ಲ. ಏಳು ತಿಂಗಳನ್ನು ಒಂದು ಚಹಾದಲ್ಲಿ ಹೇಳಲಾಗುತ್ತದೆಯೇ? ಅವರ ಏಳು ತಿಂಗಳಲ್ಲಿ ಏನಾಯಿತು ಅಂತ ನಾನೂ ಕೇಳಿರಲಿಲ್ಲ. ಅವ್ವ ಅಷ್ಟರಲ್ಲಿ ಒಂದು ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡಿದ್ದಳು. ದಾರಿಯಲ್ಲಿ ನಾನು ಚಿಂತಿ ಮಾಡ್ತೀನಿ ಅಂತ ಫೋನಿನಲ್ಲಿ ಹೇಳಿರಲಿಲ್ಲ.

ನಿಜವಾಗಿ ಕೇಳಿದವರು ಒಬ್ಬರೇ, ನಮ್ಮ ಓಣಿಯ ಸೈಕಲ್ ಅಂಗಡಿ ಕಾಕಾ. ಹಿಂದಿನ ಟೈರಿನ ಮೇಲೆ ಹೆಬ್ಬೆರಳು ಸವರಿದರು. ಸಂದಿಯಲ್ಲಿದ್ದ ಒಂದು ಕರಿ ಕಲ್ಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದರು. "ಇದು ಡಾಂಬರ್ ಮ್ಯಾಲೆ ಸವದದ್ದಲ್ಲ ತಮ್ಮಾ. ಎಲ್ಲೀ ರಸ್ತಾ ಇದು?" ಅಂದರು. ಪಾಮಿರಿನ 4,655 ಮೀಟರ್ ಎತ್ತರದ ಅಕ್ ಬೈತಾಲ್ ಘಾಟು, ಅಲ್ಲಿನ ಏಣಿಯಂತೆ ಗೀರುಗೀರಾದ ಮಣ್ಣಿನ ರಸ್ತೆ, ಸೈಕಲ್ ತಳ್ಳಿದ್ದು, ಎಲ್ಲಾ ಹೇಳಿದೆ. ಒಂದು ತಾಸು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಹಾಗಾಗಿ ಪೂರ್ತಿ ಕತೆ ಕೇಳುವವರನ್ನು ಹುಡುಕಬೇಡಿ. ಟೈರಿನ ಕತೆ ಕಾಕಾನಿಗೆ, ಉಜ್ಬೆಕ್ ರೊಟ್ಟಿಯ ತಂದೂರಿನ ಕತೆ ಅವ್ವನಿಗೆ, ಹೀಗೆ ತುಂಡು ತುಂಡಾಗಿ ಕೊಡಿ.

ಇನ್ನೂ ಹೋಗದವರಿಗೆ ಒಂದು ಮಾತು. ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ವಿಮಾನ ಇಳಿದು, ಹುಬ್ಬಳ್ಳಿವರೆಗಿನ ನಾನೂರು ಚಿಲ್ಲರೆ ಕಿಲೋಮೀಟರ್ ಐದು ದಿನ ತುಳಿದುಕೊಂಡೇ ಬಂದ. ಹಾವೇರಿಯಲ್ಲಿ ಒಂದು ರಾತ್ರಿ ಉಳಿದು ಅವ್ವನಿಗೆ ಏಲಕ್ಕಿ ಹಾರ ತಂದ. ನನ್ನಷ್ಟು ಒದ್ದಾಡಲಿಲ್ಲ ಅವನು. ಹೋಗುವ ಮೊದಲೇ ಈ ಐದು ದಿನವನ್ನು ಲೆಕ್ಕಕ್ಕೆ ಹಿಡಿಯಿರಿ. ಮೂರು ತಿಂಗಳ ಮನೆಖರ್ಚನ್ನೂ ತೆಗೆದಿಡಿ.

ಎರಡು ವಾರ ದಾಟಿದರೂ ನಿದ್ದೆ ಊಟ ಸರಿಹೋಗದಿದ್ದರೆ, ಇಲ್ಲವೇ ಯಾವತ್ತೇ ಆಗಲಿ ಬದುಕೇ ಬೇಡ ಅನ್ನಿಸಿದರೆ ಮಾತು ಬೇರೆ. ಧಾರವಾಡದಲ್ಲಿ ಮನಸ್ಸಿನ ಕಾಯಿಲೆಗಳ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ನನ್ನ ಮೂರನೇ ತಿಂಗಳು ಫೆಬ್ರುವರಿ. ಲಕ್ಷ್ಮೇಶ್ವರದ ಆಚೆ ಮಾಗಡಿ ಕೆರೆಗೆ ಸೈಕಲ್ ಹೊಡೆದೆ. ನೀರಿನ ಮೇಲೆ ತಲೆಗೆ ಎರಡು ಕರಿ ಪಟ್ಟೆ ಇರುವ ಹೆಬ್ಬಾತುಗಳು, ಲೆಕ್ಕವಿಲ್ಲದಷ್ಟು. ಜುಲೈನಲ್ಲಿ ತಾಜಿಕಿಸ್ತಾನದ ಕರಾಕುಲ್ ಸರೋವರದ ದಂಡೆಯಲ್ಲಿ ಇದೇ ಜಾತಿಯ ಹಕ್ಕಿ ಮರಿ ಕಟ್ಟಿಕೊಂಡು ಓಡಾಡುತ್ತಿದ್ದುದನ್ನು ಡೇರೆಯಿಂದ ನೋಡಿದ್ದೆ. ಪಕ್ಕದ ಹೊಲದ ಅಜ್ಜನಿಗೆ ಅದನ್ನು ಹೇಳಿದೆ. ಅಜ್ಜ ಎಲಿ ಅಡಿಕಿ ಚೀಲ ತೆಗೆದು ಬದುವಿನ ಮೇಲೆ ಕೂತ.

"ಹಂಗಾರ ಅಲ್ಲೆ ಇವು ಏನ್ ತಿಂತಾವು? ಇಲ್ಲೆ ರಾತ್ರಿ ಆದ್ರ ನಮ್ಮ ಹೊಲಕ್ಕ ಬರ್ತಾವ ನೋಡ್ರಿ."

ಸೈಕಲ್ ಮಲಗಿಸಿ ನಾನೂ ಕೂತೆ.