‘ಡಿಸ್ಟ್ರಿಕ್ಟ್ 9’: ಒಕ್ಕಲೆಬ್ಬಿಸುವ ಕಾಗದ

‘ಡಿಸ್ಟ್ರಿಕ್ಟ್ 9’ ಸಿನಿಮಾದ ರಾಜಕೀಯ, ಅಸ್ಮಿತೆಯ ಬಗ್ಗೆ ಪ್ರಶ್ನೆ ಬಂದರೆ, ‘ಅನ್ಯಗ್ರಹ ಜೀವಿಗಳು ಕಪ್ಪುಜನರ ರೂಪಕ’ ಅಂತ ಒಂದು ಸಾಲು ಗೀಚಿ ಮುಂದಿನ ಪ್ರಶ್ನೆಗೆ ಹೋಗಿಬಿಡಬೇಡಿ. ಮೊದಲ ಸಲ ನಾನೂ ಅಷ್ಟೇ ಬರೆದಿದ್ದೆ. ಎರಡನೇ ಸಲ ನೋಡುವಾಗ ನನ್ನ ಕಣ್ಣು ಹೋದದ್ದು ನಾಯಕ ವಿಕಸ್ ಹಿಡಿದು ಓಡಾಡುವ ನೋಟಿಸಿನ ಮೇಲೆ.

ಹಿನ್ನೆಲೆ ಚುಟುಕಾಗಿ: ನೀಲ್ ಬ್ಲೊಮ್‌ಕ್ಯಾಂಪ್ ನಿರ್ದೇಶನ, 2009. ಕಥೆಯಲ್ಲಿ ನೌಕೆಯೊಂದು 1982ರಲ್ಲಿ ಜೊಹಾನ್ಸ್‌ಬರ್ಗ್ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಅದರಲ್ಲಿದ್ದವರನ್ನು ಕೆಳಗಿಳಿಸಿ ಜೋಪಡಿಗಳಿಗೆ ತಳ್ಳುತ್ತಾರೆ. ಚಿತ್ರದ ಹೆಸರಿನ ಬೇರು ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯಲ್ಲಿದೆ. 1966ರಲ್ಲಿ ಅದನ್ನು ‘ಬಿಳಿಯರ ಪ್ರದೇಶ’ ಎಂದು ಘೋಷಿಸಿ, ಮುಂದೆ ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಿದರು. ಚಿತ್ರೀಕರಣ ನಡೆದ, ಜೊಹಾನ್ಸ್‌ಬರ್ಗ್‌ನ ಸೊವೆಟೊದ ಚಿಯಾವೆಲೊದಲ್ಲೂ ಆಗ ಗುಡಿಸಲುಗಳ ಜನರನ್ನು ನಿಜವಾಗಿಯೇ ಬೇರೆಡೆಗೆ ಸಾಗಿಸುತ್ತಿದ್ದರು.

ಈಗ ಆ ದೃಶ್ಯ. ಜೀವಿಗಳನ್ನು ಒಕ್ಕಲೆಬ್ಬಿಸುವ ಹೊಣೆ ಹೊತ್ತ ಎಂಎನ್‌ಯು ಎಂಬ ಕಂಪನಿಯ ಗುಮಾಸ್ತ ವಿಕಸ್, ನೋಟಿಸಿಗೆ ಸಹಿ ಹಾಕಿಸಿಕೊಳ್ಳಲು ಬಂದೂಕುಧಾರಿಗಳನ್ನು ಬೆನ್ನಿಗಿಟ್ಟುಕೊಂಡು ಬಾಗಿಲು ಬಾಗಿಲು ಬಡಿಯುತ್ತಾನೆ. ನಗುಮುಖ, ನಯವಾದ ಮಾತು. ಒಂದು ಜೀವಿ ಸಿಟ್ಟಿಗೆದ್ದು ಕಾಗದಕ್ಕೆ ಕೈ ಬೀಸಿದರೆ, ಬಿದ್ದ ಗುರುತೇ ಸಹಿ! ನಮ್ಮಲ್ಲಿ ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಕಥೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರಿಸ್ಟೋಫರ್ ಎಂಬ ಜೀವಿ ಮಾತ್ರ ನೋಟಿಸ್ ಓದಿ, 24 ಗಂಟೆ ಮೊದಲೇ ತಿಳಿಸಬೇಕಿತ್ತು ಎಂದು ಕಾನೂನು ಎತ್ತುತ್ತಾನೆ. ತಕ್ಷಣ ವಿಕಸ್‌ನ ನಯ ಮಾಯ. ಮಗುವನ್ನೇ ಎತ್ತಿಕೊಂಡು ಹೋಗುವ ಬೆದರಿಕೆ. ಓದಬಲ್ಲವನು ಆಡಳಿತಕ್ಕೆ ಹೆಚ್ಚು ತಲೆನೋವು. ರಾಜಕೀಯದ ಪ್ರಶ್ನೆ ಬಂದರೆ ನಾನು ಈ ಎರಡು ನಿಮಿಷವನ್ನೇ ಬರೆಯುತ್ತೇನೆ, ಕೊನೆಯ ಗುಂಡಿನ ಕಾಳಗವನ್ನಲ್ಲ.

ಅಸ್ಮಿತೆಯ ಎಳೆಯೂ ಇದೇ ಕಾಗದಕ್ಕೆ ಗಂಟು ಬಿದ್ದಿದೆ. ಕಪ್ಪು ದ್ರವ ಸಿಡಿದು ವಿಕಸ್‌ನ ಎಡಗೈ ಜೀವಿಗಳ ಕೈಯಾಗುತ್ತದೆ. ಮನಸ್ಸು, ಮಾತು, ಹೆಂಡತಿಯ ಮೇಲಿನ ಪ್ರೀತಿ ಎಲ್ಲ ಹಳೆಯದೇ. ಆದರೂ ಕಂಪನಿಯ ಕಡತದಲ್ಲಿ ಅವನೀಗ ಸರಕು. ಅವನನ್ನು ಕೊಯ್ಯಲು ಸ್ವಂತ ಮಾವನೇ ಒಪ್ಪುತ್ತಾನೆ. ವರ್ಣಭೇದ ಕಾಲದ ದಕ್ಷಿಣ ಆಫ್ರಿಕಾದಲ್ಲಿ ಇದು ಬರೀ ಕಲ್ಪನೆಯಾಗಿರಲಿಲ್ಲ. 1950ರ ಜನಸಂಖ್ಯಾ ನೋಂದಣಿ ಕಾಯ್ದೆಯ ಪ್ರಕಾರ ಒಬ್ಬರ ಜನಾಂಗವನ್ನು ಸರ್ಕಾರ ತಿದ್ದಬಹುದಿತ್ತು. ಬಿಳಿಯ ದಂಪತಿಯ ಮಗಳು ಸ್ಯಾಂಡ್ರಾ ಲೈಂಗ್‌ಳನ್ನು 1966ರಲ್ಲಿ, ಅವಳ ಹತ್ತನೇ ವಯಸ್ಸಿನಲ್ಲಿ, ಬಿಳಿಯರ ಶಾಲೆಯಿಂದ ಹೊರಹಾಕಿ ‘ಕಲರ್ಡ್’ (ಮಿಶ್ರ ಜನಾಂಗದವಳು) ಎಂದು ದಾಖಲಿಸಿದರು. ಅವಳ ಮೈಯಲ್ಲಿ ಏನೂ ಬದಲಾಗಿರಲಿಲ್ಲ.

ಇನ್ನೊಂದು ಮಾತು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಈ ಚಿತ್ರಕ್ಕೆ ಮೂಲವಾದ ಕಿರುಚಿತ್ರದಲ್ಲಿ ನಿರ್ದೇಶಕರು ಸ್ಥಳೀಯರನ್ನು ಕೇಳಿದ್ದು ಜಿಂಬಾಬ್ವೆ, ನೈಜೀರಿಯಾದ ವಲಸಿಗರ ಬಗ್ಗೆ. ಆ ಉತ್ತರಗಳನ್ನೇ ಜೀವಿಗಳ ಬಗ್ಗೆ ಆಡಿದ ಮಾತಿನಂತೆ ತೋರಿಸಿದರು. 2008ರ ಮೇನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಲಸಿಗರ ಮೇಲಿನ ದಾಳಿಗಳಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಹಾಗಾಗಿ ಬಿಳಿ-ಕಪ್ಪು ಎಂಬ ಸರಳ ಲೆಕ್ಕ ಇಲ್ಲಿ ಸಾಲದು.

ಇಷ್ಟೆಲ್ಲ ಗೊತ್ತಿದ್ದ ಸಿನಿಮಾ ನೈಜೀರಿಯನ್ನರ ವಿಷಯದಲ್ಲಿ ಮುಗ್ಗರಿಸಿದೆ ಅನ್ನುವುದು ನನ್ನ ತಕರಾರು. ಸಿಗಡಿಯಂಥ ಜೀವಿಗೆ ಹೆಸರಿದೆ, ಮಗನಿದ್ದಾನೆ, ಊರಿಗೆ ಮರಳುವ ಹಂಬಲವಿದೆ. ಚಿತ್ರದ ನೈಜೀರಿಯನ್ ಗ್ಯಾಂಗಿಗೆ ಸಿಕ್ಕಿದ್ದು ಬಂದೂಕು ದಂಧೆ, ಮಾಟ, ಜೀವಿಗಳ ಮಾಂಸ ತಿನ್ನುವ ಬಾಯಿ. ನೈಜೀರಿಯಾ ಸರ್ಕಾರ ಚಿತ್ರಮಂದಿರಗಳಿಗೆ ಪ್ರದರ್ಶನ ನಿಲ್ಲಿಸಲು ಹೇಳಿತು. ಅವರ ಮಾಜಿ ಅಧ್ಯಕ್ಷ ಒಬಾಸಾಂಜೊ ಅವರ ಹೆಸರನ್ನೇ ಚೂರು ತಿರುಚಿ ಗ್ಯಾಂಗಿನ ನಾಯಕನಿಗೆ ಇಟ್ಟಿದ್ದರು.