ತ್ರಿಕೋನದ ಬೋರ್ಡ್ ಕಂಡರೆ ನಿಲ್ಲಿಸಬೇಕಾ, ನಿಧಾನ ಮಾಡಿದರೆ ಸಾಕಾ?

ಪ್ರಶ್ನೆ: ಸರ್, ನನ್ನ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಆಗಿದೆ. ಪರೀಕ್ಷೆಗಾಗಿ ಚಿಹ್ನೆಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಈಗ ಸಿಂಧನೂರು–ಗಂಗಾವತಿ ರಸ್ತೆಗೆ ಕಾರು ಇಳಿಸಿದರೆ, ತ್ರಿಕೋನದ ಬೋರ್ಡ್ ಕಂಡಾಗ ಏನು ಮಾಡಬೇಕೋ ತಿಳಿಯುವುದಿಲ್ಲ. ಪಾಲಿಸದಿದ್ದರೆ ದಂಡ ಬೀಳುತ್ತದಾ?

ಉತ್ತರ: ನಿಲ್ಲಿಸಬೇಕಾಗಿಲ್ಲ. ಆದರೆ ಬೋರ್ಡ್ ಕಂಡ ಜಾಗದಲ್ಲೇ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಿರಿ. ಹೊಸಬರಲ್ಲಿ ಬಹಳ ಜನ ಬೋರ್ಡ್ ನೋಡಿಯೂ ಅದೇ ಸ್ಪೀಡಿನಲ್ಲಿ ಹೋಗಿ, ತಿರುವಿನೊಳಗೆ ಹೊಕ್ಕ ಮೇಲೆ ಬ್ರೇಕ್ ತುಳಿಯುತ್ತಾರೆ. ಗಾಡಿ ಜಾರುವುದು ಆಗಲೇ.

ನಿಮಗಿರುವ ಸಮಯ ಎಷ್ಟು ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ರಸ್ತೆ ಚಿಹ್ನೆಗಳ ಸಂಹಿತೆ ಐಆರ್‌ಸಿ 67ರಲ್ಲಿ ಬಹುಕಾಲದಿಂದ ಬಂದ ಲೆಕ್ಕದಂತೆ, ಬಯಲುಸೀಮೆಯ ಹೆದ್ದಾರಿಯಲ್ಲಿ ತ್ರಿಕೋನದ ಎಚ್ಚರಿಕೆ ಬೋರ್ಡನ್ನು ಅಪಾಯಕ್ಕಿಂತ ಸುಮಾರು 120 ಮೀಟರ್ ಮೊದಲು, ಹಳ್ಳಿ ರಸ್ತೆಯಲ್ಲಿ ಸುಮಾರು 40 ಮೀಟರ್ ಮೊದಲು ನೆಡುತ್ತಾರೆ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಂದರೆ ಕೈಯಲ್ಲಿರುವುದು ಐದು ಸೆಕೆಂಡು ಚಿಲ್ಲರೆ, ಅಷ್ಟೇ.

ದಂಡದ ಮಾತು. ಮೋಟಾರು ವಾಹನ ಕಾಯ್ದೆ, 1988ರ ಕಲಂ 119 ಪಾಲಿಸಲೇಬೇಕು ಅನ್ನುವುದು ಕಡ್ಡಾಯ ಚಿಹ್ನೆಗಳನ್ನು. ಅವು ಹೆಚ್ಚಾಗಿ ದುಂಡಗಿರುತ್ತವೆ. ತ್ರಿಕೋನ ಬರೀ ಮುನ್ಸೂಚನೆ. ಹಾಗಂತ ಶಾಲೆಯ ಬೋರ್ಡ್ ದಾಟಿ ಗಾಡಿ ಹಾರಿಸಿದರೆ ಅಪಾಯಕಾರಿ ಚಾಲನೆಯ ಕಲಂ 184 ಬಿಡುವುದಿಲ್ಲ. ಇನ್ನೊಂದು, ತುದಿ ಕೆಳಗೆ ಮಾಡಿದ ತ್ರಿಕೋನ ಎಚ್ಚರಿಕೆಯಲ್ಲ, ಆಜ್ಞೆ: ದಾರಿ ಬಿಡಿ. ಎಂಟು ಮೂಲೆಯ ಕೆಂಪು ಬೋರ್ಡ್ ಕಂಡರೆ ಗಾಡಿ ಪೂರ್ತಿ ನಿಲ್ಲಬೇಕು. ಸಂಡೂರಿನ ಕಡೆ ಅದಿರಿನ ಧೂಳು ಮೆತ್ತಿ ಚಿತ್ರ ಅಳಿಸಿದಂತಾದರೂ ಆಕಾರ ಕಾಣುತ್ತದೆ, ಆದ್ದರಿಂದ ಮೊದಲು ಆಕಾರ ಓದುವುದನ್ನು ರೂಢಿಸಿಕೊಳ್ಳಿ.

ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ ಅಂತ ನಾನು ಹೇಳುವುದು ತಗ್ಗಿನ ಚಿಹ್ನೆ. ಗೆರೆ ಮೇಲಕ್ಕೆ ಒಂದು ಸಲ ಉಬ್ಬಿದ್ದರೆ ಹಂಪ್, ಎರಡು ಉಬ್ಬಿದ್ದರೆ ಕೆಟ್ಟ ರಸ್ತೆ, ಕೆಳಕ್ಕೆ ಬಾಗಿದ್ದರೆ ತಗ್ಗು. ಮೂರನ್ನೂ ಹಂಪ್ ಅಂತಲೇ ತಿಳಿಯುವವರಿದ್ದಾರೆ. ರಾಯಚೂರು, ಕೊಪ್ಪಳದಲ್ಲಿ ತಗ್ಗು ಅಂದರೆ ಸಾಮಾನ್ಯವಾಗಿ ಹಳ್ಳ. ಎದುರಿನ ಬೈಕು ಆ ತಗ್ಗಿನೊಳಗೆ ಪೂರ್ತಿ ಮರೆಯಾಗಿರಬಹುದು. ರಸ್ತೆ ಖಾಲಿ ಇದೆಯೆಂದು ಓವರ್‌ಟೇಕ್ ಮಾಡಲೇಬೇಡಿ. ಮಳೆ ಬಿದ್ದ ಮೇಲೆ ಹೊಲದ ಎರೆ ಮಣ್ಣು ಅಲ್ಲಿ ಬಂದು ಕೂತು ರಸ್ತೆ ಜಾರುತ್ತದೆ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಇಳಿಯಬೇಡಿ. ರಭಸದ ನೀರು ಒಂದು ಅಡಿ ಇದ್ದರೂ ಸಣ್ಣ ಕಾರು ತೇಲಬಹುದು. ರಾಡಿಯಲ್ಲಿ ರಸ್ತೆಯ ಅಂಚು ಎಲ್ಲಿ ಮುಗಿಯಿತೆಂದೂ ಕಾಣುವುದಿಲ್ಲ. ಮುಂದಿನ ಟ್ರ್ಯಾಕ್ಟರ್ ದಾಟಿತಲ್ಲ ಎಂಬ ಧೈರ್ಯ ಬೇಡ, ಅದರ ಎತ್ತರ, ತೂಕ ನಿಮ್ಮ ಕಾರಿಗಿಲ್ಲ.

ಕಾಲುವೆಯ ಮೇಲಿನ ಕಿರಿದಾದ ಸೇತುವೆಯ ಚಿಹ್ನೆ ಕಂಡರೆ, ಎದುರಿಗೆ ಭತ್ತದ ಲಾರಿ ಬರುತ್ತಿದ್ದಾಗ ಈಚೆಯೇ ನಿಂತು ಅದಕ್ಕೆ ದಾರಿ ಕೊಡಿ. ರೈಲ್ವೆ ಗೇಟಿನ ಬೋರ್ಡ್ ಕೆಳಗೆ ಎರಡು ಪಟ್ಟಿ ಇದ್ದರೆ ಗೇಟು 200 ಮೀಟರ್ ದೂರ. ಒಂದೇ ಪಟ್ಟಿ ಇದ್ದರೆ ಹತ್ತಿರ ಬಂತು. ದನದ ಚಿತ್ರವಿದ್ದರೆ ಕುರಿ ಹಿಂಡನ್ನೂ ನಿರೀಕ್ಷಿಸಿ. ಹಿಂಡಿಗೆ ಹಾರ್ನ್ ಹೊಡೆದರೆ ಕುರಿ ಬೆದರಿ ಗಾಡಿಯ ಕಡೆಗೇ ನುಗ್ಗಬಹುದು. ನಿಂತು ಕುರಿಗಾಹಿಗೆ ಸಮಯ ಕೊಡಿ.

ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಣಹಾಕುವ ಭತ್ತಕ್ಕೂ, ಅದರ ಸುತ್ತ ಸಾಲಾಗಿ ಇಟ್ಟ ಕಲ್ಲಿಗೂ ಯಾವ ಬೋರ್ಡೂ ಇಲ್ಲ. ಆ ದಿನಗಳಲ್ಲಿ ಕತ್ತಲಾದ ಮೇಲೆ ನೀವು ಕಲಿಯಲು ಹೋಗದಿರುವುದೇ ಒಳ್ಳೆಯದು.

ಬೋರ್ಡ್ ಮುರಿದು ಬಿದ್ದಿದ್ದರೆ, ಜಾಲಿಗಿಡ ಬೆಳೆದು ಮುಚ್ಚಿದ್ದರೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯ ತಾಲ್ಲೂಕು ಕಚೇರಿಗೆ ಕಿಲೋಮೀಟರ್ ಕಲ್ಲಿನ ನಂಬರ್ ಹಾಕಿ ಅರ್ಜಿ ಕೊಡಿ.